ಭಾಷೆ ಕಲಿತವರು ಹಡಗು ಕಟ್ಟಿದರು

1859ನೇ ಇಸವಿ. ಎರಡು ಶತಮಾನಗಳಿಗೂ ಹೆಚ್ಚು ಕಾಲ ಹೊರಜಗತ್ತಿಗೆ ಬಹುಪಾಲು ಬಾಗಿಲು ಮುಚ್ಚಿಕೊಂಡಿದ್ದ ಜಪಾನ್, ಯೋಕೋಹಾಮಾ ಬಂದರನ್ನು ಆಗಷ್ಟೇ ವಿದೇಶೀಯರಿಗೆ ತೆರೆದಿತ್ತು. ಇಂದು ಟೋಕಿಯೋ ಎನಿಸಿಕೊಂಡಿರುವ ಎಡೋ ನಗರದಿಂದ ತರುಣನೊಬ್ಬ ಕಾಲ್ನಡಿಗೆಯಲ್ಲೇ ಆ ಬಂದರಿಗೆ ಬಂದ. ಹೆಸರು ಫುಕುಜಾವಾ ಯುಕಿಚಿ. ಒಸಾಕಾದ ಗುರುಕುಲವೊಂದರಲ್ಲಿ ವರ್ಷಗಟ್ಟಲೆ ಹಗಲಿರುಳೂ ಡಚ್ ಭಾಷೆ ಕಲಿತವನಾತ. ಅಂದಿನ ಜಪಾನಿಗೆ ಪಶ್ಚಿಮದ ವೈದ್ಯ, ಗಣಿತ, ಯಂತ್ರವಿದ್ಯೆಗಳೆಲ್ಲ ಬರುತ್ತಿದ್ದುದು ಡಚ್ ಪುಸ್ತಕಗಳ ಮೂಲಕ. ಆದರೆ ಯೋಕೋಹಾಮಾದ ಬೀದಿಯಲ್ಲಿ ಆತನಿಗೆ ಅಂಗಡಿಯ ಫಲಕ ಓದಲಾಗಲಿಲ್ಲ. ಬಾಟಲಿಗೆ ಅಂಟಿಸಿದ ಚೀಟಿಯೂ ಅರ್ಥವಾಗಲಿಲ್ಲ. ಅಲ್ಲಿ ನಡೆಯುತ್ತಿದ್ದುದೆಲ್ಲ ಇಂಗ್ಲಿಷ್!

ಪ್ರಾಣ ಒತ್ತೆಯಿಟ್ಟು ಕಲಿತ ವಿದ್ಯೆ ಒಂದೇ ದಿನದಲ್ಲಿ ಹಳತಾಗಿತ್ತು. ಮನೆಗೆ ಮರಳಿದ ಫುಕುಜಾವಾ ಹತಾಶನಾದದ್ದು ನಿಜ. ಆದರೆ ಮರುದಿನವೇ ಇಂಗ್ಲಿಷ್ ಕಲಿಯಲು ನಿಶ್ಚಯಿಸಿದ. 1860ರಲ್ಲಿ ಜಪಾನಿನ ಹಡಗೊಂದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದ. ಮುಂದೆ ಆತ ಕಟ್ಟಿದ ಶಾಲೆಯೇ ಇಂದಿನ ಕೇಯೋ ವಿಶ್ವವಿದ್ಯಾಲಯ. 1984ರಿಂದ 2024ರವರೆಗೆ ನಲವತ್ತು ವರ್ಷ ಜಪಾನಿನ 10,000 ಯೆನ್ ನೋಟಿನ ಮೇಲಿದ್ದುದು ಇದೇ ವ್ಯಕ್ತಿಯ ಚಿತ್ರ.

ಈ ಹಳೆಯ ಕಥೆಗೂ ಇಂದಿನ ನಮ್ಮ ವಿದ್ಯಾರ್ಥಿಗಳಿಗೂ ಸಂಬಂಧವಿದೆ. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಚೆನ್ನೈಯಲ್ಲಿ ಜಪಾನಿ ಭಾಷೆಯ ತರಗತಿಗಳಿಗೆ ಹೋಗುವ ತರುಣ ತರುಣಿಯರಿಗೆ ಕೊರತೆಯಿಲ್ಲ. ಆದರೆ ‘ಭಾಷೆ ಕಲಿತರೆ ದುಭಾಷಿಯಾಗಬಹುದು, ಪ್ರವಾಸಿಗರಿಗೆ ದಾರಿ ತೋರಿಸಬಹುದು, ಅಷ್ಟೇ’ ಎಂದು ನಂಬಿದವರು ಒಂದು ಕಡೆ. ‘ತಂತ್ರಜ್ಞಾನಕ್ಕೆ ಇಂಗ್ಲಿಷ್ ಸಾಕು, ಬೇರೆ ಭಾಷೆ ಯಾಕೆ’ ಎನ್ನುವ ಇಂಜಿನಿಯರುಗಳು ಇನ್ನೊಂದು ಕಡೆ. ಭಾಷೆಯ ದಾರಿ ಬೇರೆ, ಯಂತ್ರದ ದಾರಿ ಬೇರೆ ಎಂಬ ಈ ತಿಳಿವಳಿಕೆ ಎಷ್ಟು ಸರಿ? ಜಪಾನಿನ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ.

ತಲೆ ಹೋಗುವ ಪ್ರಯಾಣ

1863ರಲ್ಲಿ ಚೋಶು ಪ್ರಾಂತ್ಯದ ಐವರು ತರುಣರು ಗುಟ್ಟಾಗಿ ಹಡಗು ಹತ್ತಿದರು. ಅನುಮತಿಯಿಲ್ಲದೆ ದೇಶ ಬಿಟ್ಟವರಿಗೆ ಆಗಿನ ಜಪಾನಿನಲ್ಲಿ ಮರಣದಂಡನೆ. ಇಟೋ ಹಿರೋಬುಮಿ, ಇನೋವೆ ಕಾವೋರು, ಯಮಾವೋ ಯೋಝೋ, ಎಂಡೋ ಕಿನ್ಸುಕೆ, ಇನೋವೆ ಮಸಾರು ಎಂಬ ಈ ಐವರನ್ನು ಇತಿಹಾಸ ‘ಚೋಶು ಪಂಚಕ’ ಎಂದು ನೆನೆಯುತ್ತದೆ.

ಅವರ ಇಂಗ್ಲಿಷಿನ ಬಗ್ಗೆ ಸ್ವಾರಸ್ಯದ ಪ್ರಸಂಗವೊಂದು ಪ್ರಚಲಿತವಾಗಿದೆ. ಶಾಂಘೈಯಲ್ಲಿ ‘ಏತಕ್ಕಾಗಿ ಹೋಗುತ್ತಿದ್ದೀರಿ’ ಎಂದು ಕೇಳಿದಾಗ ‘ನೇವಿ’, ಅಂದರೆ ನೌಕಾದಳದ ವಿದ್ಯೆ, ಎನ್ನಬೇಕಾದಲ್ಲಿ ಇನೋವೆ ಕಾವೋರು ‘ನ್ಯಾವಿಗೇಶನ್’ ಎಂದುಬಿಟ್ಟನಂತೆ. ನಾವಿಕವೃತ್ತಿ ಕಲಿಯಲು ಬಂದವರೆಂದು ತಿಳಿದ ಕಪ್ತಾನ ಅವನನ್ನೂ ಇಟೋನನ್ನೂ ಲಂಡನ್ನಿನವರೆಗೆ ಹಡಗಿನ ಆಳುಗಳಂತೆ ದುಡಿಸಿಕೊಂಡ. ಒಂದು ಪದದ ತಪ್ಪಿಗೆ ತಿಂಗಳುಗಟ್ಟಲೆ ಡೆಕ್ ತೊಳೆಯುವ ಶಿಕ್ಷೆ!

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಅಲೆಕ್ಸಾಂಡರ್ ವಿಲಿಯಮ್ಸನ್ ಈ ತರುಣರಿಗೆ ಆಸರೆಯಾದರು. ಐವರ ಪೈಕಿ ಯಮಾವೋನ ಕಥೆ ನಮ್ಮ ವಿಷಯಕ್ಕೆ ಮುಖ್ಯ. ಹಡಗು ಕಟ್ಟುವುದನ್ನು ಕಲಿಯಬೇಕೆಂದು ಆತ 1866ರಲ್ಲಿ ಗ್ಲಾಸ್ಗೋಗೆ ಹೊರಟ. ಕೈಯಲ್ಲಿ ಕಾಸಿಲ್ಲ. ಆಗ ಲಂಡನ್ನಿನಲ್ಲಿದ್ದ ಸತ್ಸುಮಾ ಪ್ರಾಂತ್ಯದ ವಿದ್ಯಾರ್ಥಿಗಳು ತಲೆಗೊಂದು ಪೌಂಡ್ ಹಾಕಿ ದಾರಿಖರ್ಚು ಕೊಟ್ಟರು. ತಾಯ್ನಾಡಿನಲ್ಲಿ ಚೋಶು ಮತ್ತು ಸತ್ಸುಮಾ ಬದ್ಧವೈರಿಗಳಾಗಿದ್ದ ಪ್ರಾಂತ್ಯಗಳು ಎಂಬುದು ಇಲ್ಲಿ ಗಮನಾರ್ಹ. ಗ್ಲಾಸ್ಗೋದಲ್ಲಿ ಹಗಲು ನೇಪಿಯರ್ ಹಡಗುಕಟ್ಟೆಯಲ್ಲಿ ಕೂಲಿಗಾರರ ಜೊತೆ ಕೆಲಸ. ಸಂಜೆ ಆಂಡರ್ಸನ್ ಕಾಲೇಜಿನಲ್ಲಿ ಪಾಠ. ಎರಡು ವರ್ಷ ಹೀಗೆ ನಡೆಯಿತು. ಪುಸ್ತಕದ ಇಂಗ್ಲಿಷ್ ಕಾಲೇಜಿನಲ್ಲಿ ಬಂತು, ಕಬ್ಬಿಣದ ಇಂಗ್ಲಿಷ್ ಕಾರ್ಖಾನೆಯಲ್ಲಿ ಬಂತು.

ಐವರೂ ಹಿಂದಿರುಗಿ ಏನಾದರು? 1872ರಲ್ಲಿ ಶಿಂಬಾಶಿ ಮತ್ತು ಯೋಕೋಹಾಮಾ ನಡುವೆ ಓಡಿದ ಜಪಾನಿನ ಮೊದಲ ರೈಲಿನ ಹಿಂದೆ ಇನೋವೆ ಮಸಾರು ಇದ್ದ. ಎಂಡೋ ಒಸಾಕಾದ ಟಂಕಸಾಲೆಯನ್ನು ನಡೆಸಿದ. ಇನೋವೆ ಕಾವೋರು ವಿದೇಶಾಂಗ ಸಚಿವನಾದ. ಡೆಕ್ ತೊಳೆದ ಇಟೋ 1885ರಲ್ಲಿ ದೇಶದ ಪ್ರಥಮ ಪ್ರಧಾನಿಯಾದ. ಯಮಾವೋ ಒಂದು ಶಾಲೆ ತೆರೆಸಿದ.

ಇಂಗ್ಲಿಷಿನಲ್ಲಿ ಕಲಿತು, ಜಪಾನಿಯಲ್ಲಿ ಕಲಿಸಿ

ಆ ಶಾಲೆಯೇ 1873ರಲ್ಲಿ ಆರಂಭವಾಗಿ ಮುಂದೆ ‘ಕೋಬು ದೈಗಾಕ್ಕೋ’ ಎಂದು ಹೆಸರಾದ ಇಂಜಿನಿಯರಿಂಗ್ ಕಾಲೇಜು. ಪ್ರಾಂಶುಪಾಲರಾಗಿ ಸ್ಕಾಟ್ಲೆಂಡಿನಿಂದ ಬಂದ ಹೆನ್ರಿ ಡಯರ್‌ಗೆ ಆಗ ಕೇವಲ 24 ವರ್ಷ. ಯಮಾವೋನಂತೆ ಆಂಡರ್ಸನ್ ಕಾಲೇಜಿನ ಸಂಜೆ ತರಗತಿಯಲ್ಲೇ ಓದಿದವರು ಅವರು. ಆರು ವರ್ಷಗಳ ಶಿಕ್ಷಣ: ಮೊದಲ ಎರಡು ವರ್ಷ ಸಿದ್ಧತೆ, ನಂತರದ ಎರಡು ವರ್ಷ ಆಯ್ದ ವಿಷಯದ ಅಧ್ಯಯನ, ಕೊನೆಯ ಎರಡು ವರ್ಷ ಕೆಲಸದ ಸ್ಥಳದಲ್ಲೇ ತರಬೇತಿ. ಬೋಧನೆ ಸಂಪೂರ್ಣ ಇಂಗ್ಲಿಷಿನಲ್ಲಿ.

1879ರಲ್ಲಿ 23 ಮಂದಿ ಮೊದಲ ತಂಡವಾಗಿ ಹೊರಬಂದರು. ಅವರಲ್ಲಿ ಮುಂಚೂಣಿಯ 11 ಮಂದಿಯನ್ನು ಸರಕಾರ 1880ರಲ್ಲಿ ಬ್ರಿಟನ್ನಿಗೆ ಕಳುಹಿಸಿತು. ಅವರಲ್ಲೊಬ್ಬ ತಕಾಮಿನೆ ಜೋಕಿಚಿ. ಅಡ್ರಿನಲಿನ್ ಎಂಬ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಲೋಕಪ್ರಸಿದ್ಧನಾದವನು ಈತನೇ. ಇನ್ನೊಬ್ಬ ತತ್ಸುನೋ ಕಿಂಗೋ. 1914ರಲ್ಲಿ ತೆರೆದ ಟೋಕಿಯೋ ರೈಲು ನಿಲ್ದಾಣದ ಕೆಂಪು ಇಟ್ಟಿಗೆಯ ಕಟ್ಟಡ ಆತನ ವಿನ್ಯಾಸ. ಹಿಂದಿರುಗಿದ ತತ್ಸುನೋ ತನ್ನ ಆಂಗ್ಲ ಗುರು ಜೋಸಿಯಾ ಕಾಂಡರ್ ಕುಳಿತಿದ್ದ ಅಧ್ಯಾಪಕ ಪೀಠದಲ್ಲೇ ಕುಳಿತ.

ಒಂದೇ ತಲೆಮಾರಿನಲ್ಲಿ ವಿದೇಶಿ ಗುರುಗಳ ಜಾಗವನ್ನು ಸ್ವದೇಶಿ ಗುರುಗಳು ತುಂಬತೊಡಗಿದರು. ಪಾಠ ಜಪಾನಿ ಭಾಷೆಗೆ ತಿರುಗಿತು. ಅದಕ್ಕೆ ಬೇಕಾದ ಪದಗಳನ್ನು ಅವರು ಟಂಕಿಸಿಕೊಂಡರು. ರೈಲುಮಾರ್ಗ ‘ತೆತ್ಸುದೋ’ ಆಯಿತು. ಕಬ್ಬಿಣದ ದಾರಿ ಎಂದರ್ಥ. ದೂರವಾಣಿ ‘ದೆನ್ವಾ’ ಆಯಿತು, ವಿದ್ಯುತ್ತಿನ ಮಾತು. ಹೊರಗೆ ಹೋಗಿ ಕಲಿತದ್ದು ಮನೆಮಾತಿಗೆ ಇಳಿದಾಗ, ಹಡಗು ಹತ್ತಲಾರದ ಹಳ್ಳಿಯ ಹುಡುಗನಿಗೂ ಇಂಜಿನಿಯರ್ ಆಗುವ ದಾರಿ ತೆರೆಯಿತು.

ಭಾರತದಿಂದ ಜಪಾನಿಗೆ

ಈ ಪವಾಡ ನಮ್ಮವರ ಗಮನಕ್ಕೂ ಬಂತು. 1893ರ ಜುಲೈನಲ್ಲಿ ಶಿಕಾಗೋಗೆ ಹೊರಟಿದ್ದ ಸ್ವಾಮಿ ವಿವೇಕಾನಂದರು ಯೋಕೋಹಾಮಾದಿಂದ ಮದರಾಸಿನ ಮಿತ್ರರಿಗೆ ಕಾಗದ ಬರೆದು, ನಮ್ಮ ಯುವಕರು ಪ್ರತಿವರ್ಷ ಜಪಾನಿಗೆ ಹೋಗಿ ನೋಡಿಬರಬೇಕೆಂದು ಆಶಿಸಿದರು. ಆ ಮಿತ್ರರ ಮುಂದಾಳು, ಸ್ವಾಮೀಜಿಯ ಪ್ರಯಾಣಕ್ಕೆ ಹಣ ಕೂಡಿಸಿದ ಅಳಸಿಂಗ ಪೆರುಮಾಳ್, ನಮ್ಮ ಚಿಕ್ಕಮಗಳೂರಿನವರು. ಜಪಾನಿನಿಂದ ಸ್ವಾಮೀಜಿಯ ಸಹಪ್ರಯಾಣಿಕರಾಗಿದ್ದವರು ಜಮಶೇಟ್‌ಜಿ ಟಾಟಾ. ಅದೇ ದಶಕದ ಕೊನೆಗೆ ಟಾಟಾ ಅವರು ಜಪಾನೀ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಕೃಷಿಯ ಪ್ರಯೋಗ ನಡೆಸಿದರು. ಬಸವನಗುಡಿಯ ಬಸ್ಸುಗಳಲ್ಲಿ ಓಡಾಡುವವರಿಗೆ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಇಂದಿಗೂ ಪರಿಚಿತ.

1898ರಲ್ಲಿ, ಮುಂಬಯಿ ಪ್ರಾಂತ್ಯದ ಸೇವೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು ರಜೆ ಹಾಕಿ ಜಪಾನಿಗೆ ಹೋಗಿಬಂದರು. ಅಲ್ಲಿನ ಶಾಲೆ, ಕೈಗಾರಿಕೆಗಳನ್ನು ಕಂಡದ್ದು ಅವರ ಜೀವನದುದ್ದಕ್ಕೂ ಉಳಿಯಿತು. ಮೈಸೂರಿನ ದಿವಾನರಾಗಿದ್ದಾಗ 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾದವು. 1920ರಲ್ಲಿ ಪ್ರಕಟವಾದ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಗ್ರಂಥದಲ್ಲಿ ಅವರು ಭಾರತವನ್ನು ತೂಗಿ ನೋಡುವಾಗ ಜಪಾನನ್ನು ಮತ್ತೆ ಮತ್ತೆ ಎದುರಿಗಿಡುತ್ತಾರೆ.

ಪ್ರತ್ಯಕ್ಷವಾಗಿ ವಿದ್ಯಾರ್ಥಿಗಳನ್ನು ಕಳುಹಿಸುವ ಕೆಲಸ ಬಂಗಾಳದಲ್ಲಿ ನಡೆಯಿತು. 1904ರಲ್ಲಿ ಕಲ್ಕತ್ತದ ಜೋಗೇಂದ್ರಚಂದ್ರ ಘೋಷ್ ಭಾರತೀಯರ ವಿಜ್ಞಾನ ಮತ್ತು ಕೈಗಾರಿಕಾ ಶಿಕ್ಷಣಕ್ಕಾಗಿ ಸಂಘವೊಂದನ್ನು ಕಟ್ಟಿ, ವಂತಿಗೆ ಎತ್ತಿ, ತರುಣರನ್ನು ಜಪಾನ್, ಅಮೆರಿಕ, ಯೂರೋಪುಗಳಿಗೆ ಕಳುಹಿಸಿದರು. 1906ರಲ್ಲಿ ಜಪಾನಿಗೆ ಹೋದ ಮನ್ಮಥನಾಥ ಘೋಷ್ ಬಾಚಣಿಗೆ, ಗುಂಡಿ ಮಾಡುವ ಕಸುಬು ಕಲಿತುಬಂದು ಜೆಸ್ಸೋರಿನಲ್ಲಿ ಕಾರ್ಖಾನೆ ತೆರೆದರು. ಅಷ್ಟೇ ಅಲ್ಲ, ತಾವು ಕಂಡ ಜಪಾನನ್ನು ಕುರಿತು ಬಂಗಾಳಿಯಲ್ಲಿ ಪುಸ್ತಕಗಳನ್ನೂ ಬರೆದರು. ಟೋಕಿಯೋದಲ್ಲಿ, ಬಳಿಕ ಅಮೆರಿಕದ ಎಂಐಟಿಯಲ್ಲಿ ಕಲಿತ ಈಶ್ವರದಾಸ್ ವಾರ್ಷ್ಣೇಯ 1908ರಲ್ಲಿ ಪುಣೆ ಬಳಿಯ ತಳೇಗಾಂವಿನ ಪೈಸಾ ಫಂಡ್ ಗಾಜಿನ ಕಾರ್ಖಾನೆಗೆ ಚಾಲನೆ ಕೊಟ್ಟರು.

ಆ ವೇಳೆಗೆ ಜಪಾನಿನ ತಾಂತ್ರಿಕ ಶಾಲೆಗಳಲ್ಲಿ ಪಾಠ ಜಪಾನಿಯಲ್ಲೇ ನಡೆಯುತ್ತಿತ್ತು. ಇಂಗ್ಲಿಷ್ ಬಲ್ಲ ಭಾರತೀಯ ವಿದ್ಯಾರ್ಥಿ ಅಲ್ಲಿ ಇಳಿದೊಡನೆ ಮತ್ತೆ ಅ ಆ ಇ ಈಯಿಂದ ಆರಂಭಿಸಬೇಕಿತ್ತು. ಯೋಕೋಹಾಮಾದಲ್ಲಿ ಫುಕುಜಾವಾನಿಗೆ ಬಂದ ಸ್ಥಿತಿಯೇ ಈಗ ನಮ್ಮವರಿಗೆ ಬಂದಿತ್ತು. ಇನ್ನೊಂದು ವ್ಯತ್ಯಾಸವನ್ನೂ ಮರೆಯುವಂತಿಲ್ಲ. ಹಿಂದಿರುಗಿದ ಯಮಾವೋನ ಬೆನ್ನಿಗೆ ಸ್ವತಂತ್ರ ಸರಕಾರವೊಂದು ನಿಂತಿತ್ತು. ಹಿಂದಿರುಗಿದ ಭಾರತೀಯನ ಬೆನ್ನಿಗೆ ನಿಂತದ್ದು ವಂತಿಗೆಯ ಹಣ ಮತ್ತು ಸ್ವದೇಶಿ ಉತ್ಸಾಹ ಮಾತ್ರ.

ಈಗಿನ ಹಡಗು

ಇಂದು ಜಪಾನಿಗೆ ಹೊರಡುವವರಿಗೆ ಮರಣದಂಡನೆಯ ಭಯವಿಲ್ಲ. ಆ ದೇಶವೇ ಕರೆಯುತ್ತಿದೆ. ಜನನ ಪ್ರಮಾಣ ಇಳಿದು ವೃದ್ಧರ ಸಂಖ್ಯೆ ಏರಿರುವುದು ಅದಕ್ಕೆ ಮೂಲ ಕಾರಣ. ಮಾಹಿತಿ ತಂತ್ರಜ್ಞಾನದಲ್ಲಿ 2030ರ ವೇಳೆಗೆ ಗರಿಷ್ಠ 7.9 ಲಕ್ಷ ಜನರ ಕೊರತೆ ಬೀಳಬಹುದೆಂದು ಜಪಾನಿನ ಆರ್ಥಿಕ ಸಚಿವಾಲಯ 2016ರಲ್ಲೇ ಅಂದಾಜು ಮಾಡಿತ್ತು. 2025ರ ಆಗಸ್ಟ್‌ನಲ್ಲಿ ಉಭಯ ದೇಶಗಳು ಒಪ್ಪಿದ ಯೋಜನೆಯಂತೆ ಐದು ವರ್ಷಗಳಲ್ಲಿ ಎರಡೂ ಕಡೆಯಿಂದ 5 ಲಕ್ಷ ಜನರ ವಿನಿಮಯ ನಡೆಯಬೇಕು. ಅದರಲ್ಲಿ 50,000 ಮಂದಿ ಭಾರತದಿಂದ ಹೋಗುವ ಕುಶಲರು.

ಈ ಕರೆಗೆ ಉತ್ತರ ಕೊಡುವಲ್ಲಿ ಭಾಷೆಯ ಪಾತ್ರವೇನು? ಜಪಾನಿನ ಬಹಳಷ್ಟು ಕಂಪೆನಿಗಳಲ್ಲಿ ಗ್ರಾಹಕನ ಬೇಡಿಕೆಪಟ್ಟಿ, ಸಭೆ, ಪತ್ರವ್ಯವಹಾರ ಎಲ್ಲವೂ ಜಪಾನಿಯಲ್ಲಿ. ಅದನ್ನು ಓದಿ, ಬೆಂಗಳೂರಿನ ತಂಡಕ್ಕೆ ತಿಳಿಸಿ, ಮರಳಿ ಗ್ರಾಹಕನಿಗೆ ಉತ್ತರಿಸುವವರನ್ನು ಅಲ್ಲಿ ‘ಬ್ರಿಜ್ ಇಂಜಿನಿಯರ್’ ಎನ್ನುತ್ತಾರೆ. ಹೆಸರೇ ಹೇಳುವಂತೆ ಇದು ಸೇತುವೆಯ ಕೆಲಸ. ಭಾಷೆ ಮಾತ್ರ ಬಲ್ಲವನಿಗೂ ಇದು ಆಗದು, ಪ್ರೋಗ್ರಾಂ ಮಾತ್ರ ಬಲ್ಲವನಿಗೂ ಆಗದು. ಪುಣೆಯಲ್ಲಿ ಜಪಾನಿ ಕಲಿತು, 1990ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿ ಜಪಾನಿಗೆ ಹೋದ ಯೋಗೇಂದ್ರ ಪುರಾಣಿಕ್ ಅಲ್ಲಿ ಮಾಹಿತಿ ತಂತ್ರಜ್ಞಾನ ಮತ್ತು ಬ್ಯಾಂಕಿಂಗ್ ಕ್ಷೇತ್ರಗಳಲ್ಲಿ ದುಡಿದರು. 2019ರಲ್ಲಿ ಟೋಕಿಯೋದ ಎಡೋಗಾವಾ ಪ್ರದೇಶದ ಸ್ಥಳೀಯ ಸಭೆಗೆ ಜನರೇ ಅವರನ್ನು ಆರಿಸಿ ಕಳುಹಿಸಿದರು.

ಹಾಗೆಂದು ದಾರಿ ಸುಲಭವೆಂದು ಯಾರೂ ಭಾವಿಸಬಾರದು. ಹಿರಾಗಾನಾ, ಕತಾಕಾನಾ ಎಂಬ ಎರಡು ಲಿಪಿಗಳಲ್ಲಿ ತಲಾ 46 ಮೂಲಾಕ್ಷರಗಳು. ಅದರ ಮೇಲೆ ನಿತ್ಯಬಳಕೆಯವೆಂದು ಸರಕಾರ ಪಟ್ಟಿ ಮಾಡಿದ 2,136 ಕಾಂಜಿ ಚಿತ್ರಾಕ್ಷರಗಳು. ಪ್ರಾವೀಣ್ಯ ಪರೀಕ್ಷೆಗೆ ಐದು ಮೆಟ್ಟಿಲು. ಕೆಳಗಿನದು ಎನ್-5, ಮೇಲಿನದು ಎನ್-1. ಗ್ರಾಹಕರೊಡನೆ ನೇರವಾಗಿ ವ್ಯವಹರಿಸುವ ಕೆಲಸಕ್ಕೆ ಸಾಮಾನ್ಯವಾಗಿ ಕೇಳುವುದು ಎನ್-2. ಭಾಷೆಯ ಸರ್ಟಿಫಿಕೇಟೊಂದೇ ಸಾಲದು; ಇಂಜಿನಿಯರ್ ವರ್ಗದ ವೀಸಾಕ್ಕೆ ಸಾಮಾನ್ಯವಾಗಿ ಪದವಿ ಅಥವಾ 10 ವರ್ಷಗಳ ಅನುಭವ ಬೇಕು. ‘ಆರು ತಿಂಗಳಲ್ಲಿ ಜಪಾನಿ, ಏಳನೇ ತಿಂಗಳಲ್ಲಿ ಟೋಕಿಯೋ’ ಎಂದು ಹಣ ಕೀಳುವವರ ಮಾತಿಗೆ ಮರುಳಾಗುವ ಮುನ್ನ ಇಷ್ಟನ್ನಾದರೂ ತಿಳಿದಿರಬೇಕು.

ಕನ್ನಡಿಗರಿಗೆ ಒಂದು ಅನುಕೂಲವುಂಟು. ಜಪಾನಿ ವಾಕ್ಯದ ನಡೆ ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರ. ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿ ಪದದ ಹಿಂದೆ ಅಂಟುತ್ತದೆ. ‘ಬೆಂಗಳೂರಿನಿಂದ ಬಂದೆ’ ಎಂಬುದು ‘ಬಂಗರೋರು ಕರಾ ಕಿಮಾಶಿತಾ’. ‘ಕರಾ’ ನಮ್ಮ ‘ಇಂದ’ ಇರುವ ಜಾಗದಲ್ಲೇ ಇದೆ. ಇನ್ನೂ ಸೊಗಸೆಂದರೆ, ರುಚಿ ನೋಡು ಎನ್ನಲು ನಾವು ‘ತಿಂದು ನೋಡು’ ಎನ್ನುತ್ತೇವಲ್ಲ, ಅವರೂ ‘ತಬೆತೆ ಮಿರು’, ತಿಂದು ನೋಡು, ಎಂದೇ ಹೇಳುತ್ತಾರೆ! ಜಪಾನಿಗೂ ತಮಿಳಿಗೂ ನೆಂಟಸ್ತಿಕೆಯಿದೆ ಎಂದು ಸುಸುಮು ಓನೋ ಎಂಬ ವಿದ್ವಾಂಸರು ವಾದಿಸಿದ್ದರು. ಬಹುತೇಕ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಿಲ್ಲ. ನೆಂಟಸ್ತಿಕೆ ಇರಲಿ ಬಿಡಲಿ, ಮನಸ್ಸಿನಲ್ಲಿ ಕನ್ನಡದಿಂದ ಜಪಾನಿಗೆ ಹೋಗುವವನಿಗೆ ಇಂಗ್ಲಿಷಿನ ಮೂಲಕ ಸುತ್ತುವವನಿಗಿಂತ ಹಾದಿ ಹತ್ತಿರ.

ಹೋದವರು ಏನನ್ನು ತರುತ್ತಾರೆ ಎಂಬುದೇ ಕೊನೆಯ ಪ್ರಶ್ನೆ. ಯಮಾವೋ ಸಂಬಳವನ್ನಷ್ಟೇ ತಂದಿದ್ದರೆ ಇತಿಹಾಸ ಅವನನ್ನು ನೆನೆಯುತ್ತಿರಲಿಲ್ಲ. ಆತ ಒಂದು ಶಾಲೆ ತಂದ. ಮನ್ಮಥನಾಥರು ಒಂದು ಕಸುಬನ್ನೂ ತಮ್ಮ ಭಾಷೆಗೆ ಪುಸ್ತಕಗಳನ್ನೂ ತಂದರು. ನಮ್ಮಲ್ಲೂ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಷ್ಟು ಹಿಂದೆಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿ ಅಂಥದೇ ದಾರಿ ಹಾಕಿದ್ದರು.

ಡಿಸೆಂಬರ್ ತಿಂಗಳ ಮೊದಲ ಭಾನುವಾರ ಜಪಾನಿ ಪ್ರಾವೀಣ್ಯ ಪರೀಕ್ಷೆ. ಬೆಳಿಗ್ಗೆ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಕಾಂಜಿಯ ಚೀಟಿಗಳನ್ನು ಕೊನೆಯ ಸಲ ತಿರುವಿಹಾಕುವ ಹುಡುಗ ಹುಡುಗಿಯರನ್ನು ಕಾಣಬಹುದು. ಅವರಲ್ಲಿ ಎಷ್ಟೋ ಮಂದಿ ಒಂದು ಸಲಕ್ಕೆ ತೇರ್ಗಡೆಯಾಗುವುದಿಲ್ಲ. ಯೋಕೋಹಾಮಾದ ಬೀದಿಯಲ್ಲಿ ಒಂದು ಫಲಕವನ್ನೂ ಓದಲಾಗದೆ ಸೋತು ಮರಳಿದವನೊಬ್ಬ ಮರುದಿನ ಏನು ಮಾಡಿದನೆಂಬುದು ಅವರಿಗೆ ನೆನಪಿದ್ದರೆ ಸಾಕು.