ಗಣಿತದಿಂದ ವಿದ್ಯುತ್ತಿಗೆ

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯ ಹುಡುಗಿಯೊಬ್ಬಳು ಇಂದು ವಿದ್ಯುತ್ ಎಂಜಿನಿಯರಾಗಬೇಕೆಂದು ಹಟ ಹಿಡಿದರೆ, ಮನೆಯವರು ಆಕೆಯನ್ನು ಹಾಸನದ ಬಸ್ಸು ಹತ್ತಿಸಬಹುದು. ಅಲ್ಲಿನ ಮಲೆನಾಡು ಎಂಜಿನಿಯರಿಂಗ್ ಕಾಲೇಜು ೧೯೬೦ರಲ್ಲೇ ಆರಂಭವಾಯಿತು. ಅದಕ್ಕೆ ಎರಡು ದಶಕಗಳ ಹಿಂದೆ ಬೆಂಗಳೂರಿನಲ್ಲೇ ಓದಿದ ಹುಡುಗಿಗೂ ಈ ದಾರಿ ಇಷ್ಟು ನೇರವಾಗಿರಲಿಲ್ಲ. ಕನ್ನಡನಾಡಿನ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿಯವರು ಅದನ್ನು ಬಹಳ ಸುತ್ತಿ ಬಳಸಿ ನಡೆಯಬೇಕಾಯಿತು.

ಮೈಸೂರು ಸಂಸ್ಥಾನಕ್ಕೆ ಆಗ ವಿದ್ಯುತ್ತು ಹೊಸದೇನಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೦ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಹರಿದಿತ್ತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತ್ತು. ೧೯೧೧ರಲ್ಲಿ ಪಾಠ ಆರಂಭಿಸಿದ ವಿಜ್ಞಾನ ಸಂಸ್ಥೆಯಲ್ಲಿ, ಬೆಂಗಳೂರಿಗರ 'ಟಾಟಾ ಇನ್‌ಸ್ಟಿಟ್ಯೂಟ್'ನಲ್ಲಿ, ವಿದ್ಯುತ್ ತಂತ್ರವಿದ್ಯೆಯ ವಿಭಾಗ ಮೊದಲಿನಿಂದಲೂ ಇತ್ತು. ವಿದ್ಯೆ ಊರಲ್ಲೇ ಇತ್ತು. ಹೆಣ್ಣುಮಗಳು ಅದರ ಬಾಗಿಲಿಗೆ ಬಂದು ನಿಲ್ಲುವುದು ಮಾತ್ರ ಅಪರೂಪ.

ರಾಜೇಶ್ವರಿ ಹುಟ್ಟಿದ್ದು ೧೯೨೨ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪನವರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರ ಮತ್ತು ಪತಿ ತ್ಯಜಿಸಿದ ಹೆಂಗಸರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳ ಮೊದಲ ಪಾಠಗಳೂ ಅಜ್ಜಿಯ ಶಾಲೆಯಲ್ಲೇ ಆದುವು. ಇಂಥ ಅಜ್ಜಿ ಇದ್ದ ಮನೆಯಲ್ಲಿ 'ಹೆಣ್ಣಿಗೇಕೆ ಓದು?' ಎಂಬ ಪ್ರಶ್ನೆಗೆ ಎಡೆಯೆಲ್ಲಿ! ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ವ್ಯಾಸಂಗ, ಬಿ.ಎಸ್‌ಸಿ. ಆನರ್ಸ್, ಎಂ.ಎಸ್‌ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಪ್ರಥಮ ಸ್ಥಾನ. ೧೯೪೩ರಲ್ಲಿ ಅವರು ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗವನ್ನು ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದರು. ಕೈಯಲ್ಲಿದ್ದುದು ಗಣಿತದ ಪದವಿ, ಎಂಜಿನಿಯರಿಂಗಿನದಲ್ಲ.

ಗಣಿತದವರಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ರೇಡಿಯೋ ತರಂಗದ ಉದ್ದ ಮೀಟರುಗಳಿಂದ ಕೆಲವೇ ಸೆಂಟಿಮೀಟರುಗಳಿಗೆ ಇಳಿದಾಗ ಸಾಧಾರಣ ಜೋಡಿ ತಂತಿ ಅದನ್ನು ಹೊತ್ತೊಯ್ಯಲಾರದು. ಶಕ್ತಿ ದಾರಿಯಲ್ಲೇ ಸುತ್ತಲೂ ಚೆಲ್ಲಿಹೋಗುತ್ತದೆ. ಲೋಹದ ಟೊಳ್ಳು ಕೊಳವೆಯೊಳಗೆ ತರಂಗವನ್ನು ನಡೆಸಬೇಕು. ಕೊಳವೆ ಎಷ್ಟು ಅಗಲವಿರಬೇಕು, ತರಂಗ ಅದರಲ್ಲಿ ಯಾವ ರೂಪದಿಂದ ಸಾಗೀತು ಎಂಬುದನ್ನು ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಬಿಡಿಸಿ ತಿಳಿಯಬೇಕು. ಇವೇ ಮೈಕ್ರೋವೇವ್‌ಗಳು. ಈಗ ಆ ಹೆಸರು ಕೇಳಿದೊಡನೆ ಅಡುಗೆಮನೆಯ ಪೆಟ್ಟಿಗೆ ಕಣ್ಣಮುಂದೆ ಬರುತ್ತದೆ. ಆ ಕಾಲಕ್ಕೆ ಅದು ಯುದ್ಧದ ರೇಡಾರಿನ ವಿದ್ಯೆ.

ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ದೆಹಲಿಯ ಮಧ್ಯಂತರ ಸರ್ಕಾರ ತರುಣ ವಿಜ್ಞಾನಿಗಳಿಗೆ ಹೊರದೇಶದ ವ್ಯಾಸಂಗಕ್ಕೆ ವೇತನ ಕೊಟ್ಟಿತು. ರಾಜೇಶ್ವರಿ ಆಯ್ಕೆಯಾದರು. ೧೯೪೭ರಲ್ಲಿ ಹಡಗು ಹತ್ತಿ ಮೂವತ್ತು ದಿನಗಳ ಬಳಿಕ ಅಮೆರಿಕ ಮುಟ್ಟಿದರು. ಮದುವೆಯಾಗದ, ಇಪ್ಪತ್ತೈದರ ಹುಡುಗಿ ಕಡಲು ದಾಟಿ ಒಬ್ಬಳೇ ಓದುವುದೆಂದರೆ ಆಗಿನ ನೆರೆಹೊರೆಗೆ ಸಣ್ಣ ಮಾತಲ್ಲ. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಪಡೆದು, ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ಅಳತೆಯ ಕೆಲಸ ಕಲಿತರು. ಸಮೀಕರಣ ಬಲ್ಲವರಿಗೆ ಉಪಕರಣ ಕೈಗೆ ಹತ್ತಿದುದು ಅಲ್ಲಿರಬೇಕು. ಮತ್ತೆ ಮಿಷಿಗನ್ನಿಗೆ ಮರಳಿ, ಪ್ರೊಫೆಸರ್ ವಿಲಿಯಂ ಡೋ ಅವರ ಮಾರ್ಗದರ್ಶನದಲ್ಲಿ ೧೯೫೩ರಲ್ಲಿ ಡಾಕ್ಟರೇಟ್ ಪಡೆದರು.

ಅದೇ ವರ್ಷ ತಾಯ್ನಾಡಿಗೆ ಹಿಂದಿರುಗಿ, ತಾವು ಓದಿದ್ದ ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾದದ್ದೂ ಆ ವರ್ಷವೇ. ದಂಪತಿಗಳಿಬ್ಬರೂ ಕೂಡಿ ಮೈಕ್ರೋವೇವ್ ಪ್ರಯೋಗಾಲಯವೊಂದನ್ನು ಕಟ್ಟಿ ಬೆಳೆಸಿದರು. ದೇಶದಲ್ಲಿ ಈ ಸಂಶೋಧನೆಗೆ ಮೊದಲು ಕೈಹಾಕಿದವರಲ್ಲಿ ಇವರು ಸೇರಿದ್ದಾರೆ. ವಿಮಾನಗಳಿಗೂ ಬಾಹ್ಯಾಕಾಶ ನೌಕೆಗಳಿಗೂ ಬೇಕಾಗುವ ಆಂಟೆನಾಗಳು ಅವರ ಮುಖ್ಯ ವಿಷಯ. ಮುಂದೆ ಆ ವಿಭಾಗಕ್ಕೇ ಮುಖ್ಯಸ್ಥೆಯಾದರು. ಅವರ ಕೈಕೆಳಗೆ ಇಪ್ಪತ್ತು ಮಂದಿ ಡಾಕ್ಟರೇಟ್ ಪಡೆದರು. ಅವರೊಬ್ಬರೂ ಮಾಸ್ತರ ಬಳಿ ಆ ಪಾಠ ಕಲಿಯಲು ತಿಂಗಳುಗಟ್ಟಲೆ ಕಡಲ ಮೇಲಿರಬೇಕಾಗಲಿಲ್ಲ.

೧೯೮೨ರಲ್ಲಿ ನಿವೃತ್ತರಾದ ಮೇಲೆ ಆಂಟೆನಾ, ಮೈಕ್ರೋವೇವ್ ವಿದ್ಯೆಗಳ ಪಠ್ಯಗ್ರಂಥಗಳನ್ನು ಬರೆದರು. ಜತೆಗೆ ಸ್ತ್ರೀ ಅಧ್ಯಯನದ ಸಂಘದಲ್ಲಿ ದುಡಿದರು. ಅಜ್ಜಿಯ ಕೆಲಸಕ್ಕೆ ಮೊಮ್ಮಗಳು ಕೈಹಾಕಿದಾಗ ವಯಸ್ಸು ಅರುವತ್ತು ದಾಟಿತ್ತು. ೨೦೧೦ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.