ಓಟ ಮತ್ತು ಊಟ

ವಿಲ್ಮಾ ರುಡಾಲ್ಫ್ ಕತೆ ನಮ್ಮ ಹುಡುಗರಿಗೆ ಗೊತ್ತು. ಭಾಷಣ ಸ್ಪರ್ಧೆಗೆ ಬಂದವರಲ್ಲಿ ಒಬ್ಬರಾದರೂ ಹೇಳ್ತಾರೆ: ಪೋಲಿಯೋ ಹಿಡಿದ ಕಪ್ಪು ಹುಡುಗಿ, ಕಾಲಿಗೆ ಲೋಹದ ಪಟ್ಟಿ, ಆಮೇಲೆ 1960ರ ರೋಮ್ ಒಲಿಂಪಿಕ್ಸಿನಲ್ಲಿ ಮೂರು ಚಿನ್ನ. ಮನಸ್ಸಿದ್ದರೆ ಮಾರ್ಗ ಅಂತ ಕೈಮುಗಿದು ಇಳೀತಾರೆ. ಕಾಲೇಜಿನಲ್ಲಿ ಪಾಠ ಹೇಳುವ ನಾನು ಇದನ್ನು ಕೇಳಿದಾಗಲೆಲ್ಲ ಒಂದು ಪ್ರಶ್ನೆ ಉಳಿಯುತ್ತದೆ. ಈ ಕತೆಯಲ್ಲಿ ರೋಗ ಇದೆ, ಬಣ್ಣವೂ ಇದೆ, ಬಣ್ಣಭೇದ ಯಾಕಿಲ್ಲ?

ಆಕೆ ಹುಟ್ಟಿದ್ದು 1940ರಲ್ಲಿ, ಅಮೆರಿಕದ ಟೆನೆಸಿ ರಾಜ್ಯದಲ್ಲಿ. ಬೆಳೆದದ್ದು ಕ್ಲಾರ್ಕ್ಸ್‌ವಿಲ್ ಎಂಬ ಊರಲ್ಲಿ. ಅಪ್ಪನ ಎರಡು ಮದುವೆಯ 22 ಮಕ್ಕಳಲ್ಲಿ 20ನೆಯವಳು. ಅಪ್ಪ ರೈಲ್ವೆ ಪೋರ್ಟರ್. ಅವ್ವ ಬಿಳಿಯರ ಮನೆಗೆಲಸದಾಕೆ. ಆ ಊರಲ್ಲಿ ಕಪ್ಪು ಜನಕ್ಕೆ ಸಿಗುತ್ತಿದ್ದ ವೈದ್ಯ ಅಷ್ಟಕ್ಕಷ್ಟೆ. ಹಾಗಾಗಿ ಅವ್ವ ವಾರವಾರವೂ ಮಗಳನ್ನು ಬಸ್ಸಿನ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಸುಮಾರು 50 ಮೈಲಿ ದೂರದ ನ್ಯಾಶ್‌ವಿಲ್‌ಗೆ ಹೋಗಬೇಕಿತ್ತು. ಅಲ್ಲಿದ್ದದ್ದು ಮೆಹರಿ ವೈದ್ಯಕೀಯ ಕಾಲೇಜು. ಕಪ್ಪು ವೈದ್ಯರನ್ನು ತಯಾರು ಮಾಡಲೆಂದೇ 1876ರಲ್ಲಿ ಶುರುವಾದದ್ದು. ಮನೆಯಲ್ಲಿ ಅಕ್ಕ ಅಣ್ಣಂದಿರು ಸರದಿಯ ಮೇಲೆ ದಿನಕ್ಕೆ ನಾಲ್ಕು ಸಲ ಕಾಲು ತಿಕ್ಕಿದರು. ಪಟ್ಟಿ ಕಳಚಿದ್ದು ಸುಮಾರು 12ನೇ ವಯಸ್ಸಿಗೆ. ಆಕೆಯನ್ನು ಪಳಗಿಸಿದ ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯವೂ ಕಪ್ಪು ಜನರದ್ದೇ, ತರಬೇತುದಾರ ಎಡ್ ಟೆಂಪಲ್ ಕೂಡಾ. ರೋಮಿನ ರಿಲೇಯಲ್ಲಿ ಓಡಿದ ನಾಲ್ಕೂ ಹುಡುಗಿಯರು ಅವರ ಶಿಷ್ಯೆಯರು. ಇಷ್ಟೊಂದು ಕೈಗಳನ್ನು ಅಳಿಸಿಹಾಕಿ ಬರೀ 'ಮನೋಬಲ' ಎಂದುಬಿಡುವುದು ಪ್ರತಿಭೆಯ ಹೆಸರಲ್ಲಿ ಸಮುದಾಯವನ್ನು ಮರೆಸುವ ಹಳೇ ರಾಜಕಾರಣ. ಮೀಸಲಾತಿ ಚರ್ಚೆಯಲ್ಲಿ ಈ ವರಸೆ ನಮಗೆ ಹೊಸದೇನಲ್ಲ.

ಗೆದ್ದ ಮೇಲಿನದು ಇನ್ನೂ ಮುಖ್ಯ. ಕ್ಲಾರ್ಕ್ಸ್‌ವಿಲ್ ಆಕೆಗೆ ಮೆರವಣಿಗೆ, ಔತಣ ಏರ್ಪಡಿಸಿತು. ಆ ಊರಿನ ರೂಢಿಯಂತೆ ಬಿಳಿಯರೇ ಬೇರೆ, ಕಪ್ಪು ಜನವೇ ಬೇರೆ. 20ರ ಹುಡುಗಿ, ಹಾಗಾದರೆ ನಾನು ಬರೋದಿಲ್ಲ ಎಂದಳು. ಊರು ಮಣಿಯಿತು. 1960ರ ಅಕ್ಟೋಬರ್ 4ರಂದು ಸುಮಾರು 1,100 ಜನ ಒಂದೇ ಕಡೆ ಕೂತು ಉಂಡರು. ಕ್ಲಾರ್ಕ್ಸ್‌ವಿಲ್‌ನಲ್ಲಿ ಊರಿನ ಕಾರ್ಯಕ್ರಮವೊಂದು ಬಣ್ಣಭೇದವಿಲ್ಲದೆ ನಡೆದದ್ದು ಅದೇ ಮೊದಲು.

ಪಂಕ್ತಿಯ ಮಹಿಮೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಕುಲದ ಪಾಲ್ವಣ್ಕರ್ ಬಾಲು ಪುಣೆಯ ಹಿಂದೂ ತಂಡಕ್ಕೆ ಬೌಲ್ ಮಾಡುತ್ತಿದ್ದಾಗ, ಮೇಲ್ಜಾತಿ ಆಟಗಾರರು ಅವರು ಮುಟ್ಟಿದ ಚೆಂಡನ್ನು ಮುಟ್ಟುತ್ತಿದ್ದರು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು ಇದೇ ಬಾಲು. ಇವತ್ತಿಗೂ ನಮ್ಮ ಊರುಗಳಲ್ಲಿ ಗೆದ್ದ ಹುಡುಗನಿಗೆ ಶಾಲು ಹೊದಿಸುವವರು ಅವನನ್ನು ಊಟಕ್ಕೆ ಒಳಗೆ ಕರೆಯಲು ಹಿಂದೆಮುಂದೆ ನೋಡೋದುಂಟು.

ವಿಲ್ಮಾ 1962ರಲ್ಲಿ ಓಟ ಬಿಟ್ಟರು, ಶಾಲೆಯಲ್ಲಿ ಪಾಠ ಹೇಳಿದರು, 1994ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಒಂದೇ ಒಲಿಂಪಿಕ್ಸಿನಲ್ಲಿ ಟ್ರ್ಯಾಕಿನ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ ಎಂಬ ದಾಖಲೆಯನ್ನು ಪುಸ್ತಕಗಳು ನೆನಪಿಟ್ಟಿವೆ. ಆದರೆ ನನ್ನ ಮಟ್ಟಿಗೆ ಆಕೆಯ ದೊಡ್ಡ ಓಟ 1963ರ ಮೇ ತಿಂಗಳದು. ಒಂದು ದಿನದ ಔತಣ ಮುಗಿದಿತ್ತು, ಹೋಟೆಲುಗಳ ಬಾಗಿಲು ಹಾಗೇ ಮುಚ್ಚಿತ್ತು. ಪಶ್ಚಿಮ ಆಫ್ರಿಕಾ ಪ್ರವಾಸ ಮುಗಿಸಿ ಬಂದ ಕೆಲವೇ ವಾರಗಳಲ್ಲಿ ಆಕೆ ತನ್ನೂರಿನ ಹೋಟೆಲೊಂದರ ಮುಂದೆ ಚಳವಳಿಗಾರರ ಜೊತೆ ನಿಂತರು. ಸ್ವಲ್ಪ ದಿನದಲ್ಲೇ, ಹೋಟೆಲುಗಳೂ ಸೇರಿ ಊರಿನ ಸಾರ್ವಜನಿಕ ಸ್ಥಳಗಳೆಲ್ಲ ಎಲ್ಲರಿಗೂ ಮುಕ್ತ ಎಂದು ಮೇಯರ್ ಘೋಷಿಸಬೇಕಾಯಿತು. ಇಡೀ ದೇಶಕ್ಕೆ ಆ ಕಾನೂನು ಬಂದದ್ದು ಮರುವರ್ಷ, 1964ರ ಜುಲೈನಲ್ಲಿ.