ಡಾಸ್ ಲ್ಯಾಪ್‌ಟಾಪಿನ ಹಿಂದಿನ ಕಥೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಪಾಲಕರು ಲ್ಯಾಪ್‌ಟಾಪ್ ಕೊಳ್ಳಲು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋದರೆ ಅಂಗಡಿಯವರು ಕೇಳುವುದುಂಟು: "ವಿಂಡೋಸ್ ಇದ್ದದ್ದು ಬೇಕೇನ್ರಿ, ಡಾಸ್ ಇದ್ದದ್ದು ನಡೀತದೇನ್ರಿ?" ಡಾಸಿನದು ಅಗ್ಗ. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಅದನ್ನೇ ತಂದರು. ಮನೆಯಲ್ಲಿ ತೆರೆದರೆ ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. "ಸರ್, ಕೆಟ್ಟ ಮಷಿನ್ ಕೊಟ್ಟಾರ ನೋಡ್ರಿ" ಎಂದು ನನ್ನಲ್ಲಿಗೆ ಬಂದರು. ಯಂತ್ರ ಕೆಟ್ಟಿರಲಿಲ್ಲ. ಅದನ್ನು ನಾವು ಬಳಸುವಂತೆ ಮಾಡುವ ಆಪರೇಟಿಂಗ್ ಸಿಸ್ಟಂ ಇರಲಿಲ್ಲ, ಅಷ್ಟೇ.

ಮೊದಲು ಪದ್ಧತಿಯೇ ಹೀಗಿತ್ತೆಂದರೆ ನೀವು ನಂಬುತ್ತೀರಾ? 1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಮಾರುಕಟ್ಟೆಗೆ ಬಂದಾಗ ಆಪರೇಟಿಂಗ್ ಸಿಸ್ಟಂ ಅದರ ಬೆಲೆಯಲ್ಲಿ ಸೇರಿರಲಿಲ್ಲ. ಮೈಕ್ರೋಸಾಫ್ಟ್ ಒದಗಿಸಿದ ಡಾಸ್‌ಗೆ ಬೇರೆಯಾಗಿ 40 ಡಾಲರ್ ಕೊಡಬೇಕಿತ್ತು. ಮುಂದೆ ಮೈಕ್ರೋಸಾಫ್ಟ್ ತಯಾರಕರೊಡನೆ ಒಂದು ವಿಚಿತ್ರ ಒಪ್ಪಂದಕ್ಕೆ ಬಂದಿತು: ತಮ್ಮ ತಂತ್ರಾಂಶ ಹಾಕಲಿ ಬಿಡಲಿ, ಮಾರಿದ ಪ್ರತಿ ಯಂತ್ರಕ್ಕೂ ಹಣ ಸಲ್ಲಬೇಕು. ಹೀಗಾದ ಮೇಲೆ ಬೇರೆಯವರ ತಂತ್ರಾಂಶವನ್ನು ಯಾರು ತಾನೇ ಹಾಕಿಯಾರು? 1994ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಡನೆ ಆದ ರಾಜಿಯಲ್ಲಿ ಮೈಕ್ರೋಸಾಫ್ಟ್ ಈ ಪದ್ಧತಿ ಕೈಬಿಡಲು ಒಪ್ಪಿತು. ಆದರೆ ರೂಢಿ ಅಷ್ಟು ಬೇಗ ಹೋಗಲಿಲ್ಲ. 1999ರ ಫೆಬ್ರವರಿ 15ರಂದು ಕ್ಯಾಲಿಫೋರ್ನಿಯಾದಲ್ಲಿ ಲಿನಕ್ಸ್ ಬಳಕೆದಾರರು, ತಾವು ಬಳಸದ ವಿಂಡೋಸ್‌ನ ಹಣ ಮರಳಿ ಕೊಡಿ ಎಂದು ಮೈಕ್ರೋಸಾಫ್ಟ್ ಕಚೇರಿಯ ಬಾಗಿಲಿಗೇ ಹೋದರು. ಹಣ ಸಿಗಲಿಲ್ಲ, ತಯಾರಕರನ್ನು ಕೇಳಿರೆಂಬ ಉತ್ತರ ಸಿಕ್ಕಿತು.

ನಮ್ಮ ಅಂಗಡಿಗಳ 'ಡಾಸ್' ಸಾಮಾನ್ಯವಾಗಿ ಫ್ರೀಡಾಸ್. ಜಿಮ್ ಹಾಲ್ ಎಂಬ ಭೌತಶಾಸ್ತ್ರದ ವಿದ್ಯಾರ್ಥಿ 1994ರಲ್ಲಿ ಆರಂಭಿಸಿದ್ದು, ಪೂರ್ತಿ ಉಚಿತ. ಲ್ಯಾಪ್‌ಟಾಪಿನಲ್ಲಿ ಅದು ಹೆಸರಿಗಷ್ಟೇ ಇರುತ್ತದೆ. ನಂತರ ಅಂಗಡಿಯವರೇ ಮುನ್ನೂರು ನಾನೂರು ರೂಪಾಯಿಗೆ ನಕಲಿ ವಿಂಡೋಸ್ ತುಂಬಿಕೊಡುವುದೂ ನಿಮಗೆ ಗೊತ್ತೇ ಇದೆ. ಕಡಿಮೆ ದರದಲ್ಲಿ ಸಿಕ್ಕ ಮಾತ್ರಕ್ಕೆ ಅದನ್ನು ಕಳವಲ್ಲ ಎನ್ನಲು ನನಗಾಗದು.

ಇನ್ನೊಂದು ದಾರಿ 1991ರಲ್ಲೇ ತೆರೆದಿತ್ತು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆಗ ಲಿನಕ್ಸ್ ಹೊರತಂದರು. ಅದನ್ನು ಯಾರಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ತಂದು, ಮುಂದೆ ಶಾಲೆಗಳ ಕಂಪ್ಯೂಟರ್ ಪಾಠವನ್ನು ಲಿನಕ್ಸ್‌ಗೆ ತಿರುಗಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಆ ಪಾಠವನ್ನು ಕನ್ನಡ ಪುಸ್ತಕದಲ್ಲೇ ಓದುತ್ತಾರೆ. ಅದನ್ನು ಕೇಳಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆ ಹುಡುಗಿಯ ಲ್ಯಾಪ್‌ಟಾಪಿಗೆ ಉಬುಂಟು ಹಾಕಿದೆ. ತೊಂದರೆ ಇಲ್ಲದಿರಲಿಲ್ಲ. ಹಳೆಯ ನುಡಿ ಅಕ್ಷರಗಳ ಕಡತ ತೆರೆದರೆ ಗೀಚಿದಂತೆ ಕಂಡಿತು, ಉರ್ದುವಿನ ಇನ್‌ಪೇಜ್ ಏಳಲೇ ಇಲ್ಲ. ಯುನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿದ ಮೇಲೆ ಒಂದೇ ಪುಟದಲ್ಲಿ ಎಡದಿಂದ ಕನ್ನಡವೂ ಬಲದಿಂದ ಉರ್ದುವೂ ಮೂಡಿದವು. ತಂದೆ ಕಿಸೆಗೆ ಕೈಹಾಕಿ "ಎಷ್ಟ ಕೊಡ್ಬೇಕ್ರಿ ಸರ್?" ಎಂದರು. ಏನೂ ಇಲ್ಲವೆಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ.